ಮನೆಯ ಗಣಕಯಂತ್ರಕ್ಕೆ ತಗಲುವ ರೋಗ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ನಾನು ಕಂಡ ಮನೆಗಳ ಮಟ್ಟಿಗೆ ಹೇಳುವುದಾದರೆ, ಗಣಕಯಂತ್ರಕ್ಕೆ ರೋಗ ಬರುವ ಹಾದಿ ಹೆಚ್ಚಾಗಿ ಒಂದೇ. ಪಹಣಿಯನ್ನೋ ಮಕ್ಕಳ ಅರ್ಜಿಯನ್ನೋ ಅಚ್ಚು ತೆಗೆಸಲು ಪೆನ್‌ಡ್ರೈವನ್ನು ಪೇಟೆಯ ಝೆರಾಕ್ಸ್ ಅಂಗಡಿಗೆ ಒಯ್ಯುತ್ತೇವೆ. ಅಲ್ಲಿಯ ಯಂತ್ರಕ್ಕೆ ದಿನವೂ ಹತ್ತಾರು ಊರಿನ ಪೆನ್‌ಡ್ರೈವ್‌ಗಳು ಬಂದುಹೋಗುತ್ತವೆ. ಮನೆಗೆ ಬಂದು ನೋಡಿದರೆ ಕಡತಗಳಿದ್ದ ಜಾಗದಲ್ಲಿ ಬಾಣದ ಗುರುತಿನ ಚಿತ್ರಗಳು ಮಾತ್ರ ಉಳಿದಿರುತ್ತವೆ. ಜನರು ಇದನ್ನು ‘ಶಾರ್ಟ್‌ಕಟ್ ವೈರಸ್’ ಎಂದು ಕರೆಯುತ್ತಾರೆ.

ಆಗ ಸಾಮಾನ್ಯವಾಗಿ ಸಿಕ್ಕುವ ಸಲಹೆ, “ಫಾರ್ಮ್ಯಾಟ್ ಮಾಡಿಸಿಬಿಡಿ” ಎಂಬುದು. ಶೃಂಗೇರಿ ಕಡೆಯ ನಮ್ಮ ಬಂಧುಗಳ ಮನೆಯಲ್ಲಿ ಹತ್ತು ವರ್ಷದ ಅಡಕೆ ಲೆಕ್ಕವೂ ತೀರಿಕೊಂಡ ಹಿರಿಯರ ಭಾವಚಿತ್ರಗಳೂ ಈ ಸಲಹೆಯಿಂದ ಹೋಗಿಯೇಬಿಡುತ್ತಿದ್ದುವು. ನಿಜವಾಗಿ ಅಲ್ಲಿ ಯಾವುದೂ ಅಳಿದಿರಲಿಲ್ಲ. ಈ ಜಾತಿಯ ವೈರಸ್ ಕಡತಗಳನ್ನು ನಾಶಮಾಡುವುದಿಲ್ಲ. ಅವುಗಳಿಗೆ ‘ಅಡಗಿದ’ ಹಾಗೂ ‘ವ್ಯವಸ್ಥೆಯ’ ಎಂಬ ಗುರುತು ಹಚ್ಚಿ ಕಣ್ಣಿಗೆ ಬೀಳದಂತೆ ಮಾಡುತ್ತದೆ. ಬಾಣದ ಚಿತ್ರವನ್ನು ಒತ್ತಿದೊಡನೆ ಕಡತವೂ ತೆರೆಯುತ್ತದೆ, ಜೊತೆಗೆ ವೈರಸ್ಸೂ ಎಚ್ಚರಗೊಳ್ಳುತ್ತದೆ. ಹೀಗೆ ಎಚ್ಚೆತ್ತದ್ದು ತನ್ನ ಪ್ರತಿಯೊಂದನ್ನು ಯಂತ್ರದೊಳಗೆ ಬಚ್ಚಿಟ್ಟು, ವಿಂಡೋಸ್ ಆರಂಭವಾದಾಗಲೆಲ್ಲ ತಾನೂ ಓಡುವಂತೆ ಹೆಸರು ನೋಂದಾಯಿಸಿಕೊಳ್ಳುತ್ತದೆ. ಬಾಣದ ಚಿತ್ರಗಳನ್ನಷ್ಟೇ ಅಳಿಸಿದರೆ ಅವು ಮತ್ತೆ ಹುಟ್ಟುವುದು ಈ ಕಾರಣದಿಂದ.

ಅಡಕೆ ಬೆಳೆಗಾರರಿಗೆ ಇದು ಹೊಸ ಮಾತಲ್ಲ. ಕೊಳೆರೋಗ ಹತ್ತಿದ ಕಾಯಿ ಉದುರಿದ ಮೇಲೆ ಅದನ್ನು ಹೆಕ್ಕಿದರಷ್ಟೇ ಸಾಲದು. ರೋಗದ ಬೀಜ ಕೊನೆಯಲ್ಲಿ ಉಳಿದಿರುತ್ತದೆ. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಕುರಿತು ಬರೆದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ನಮ್ಮ ತೋಟಗಳಲ್ಲಿ ಇಂದಿಗೂ ನಡೆದಿದೆ.

ಚಿಕಿತ್ಸೆಯಲ್ಲಿ ಕ್ರಮವೇ ಮುಖ್ಯ. ಮೊದಲು ಅಂತರ್ಜಾಲದ ಸಂಪರ್ಕವನ್ನು ಕಡಿಯಬೇಕು. ಯಂತ್ರದ ಮಾಹಿತಿಯನ್ನು ಹೊರಗೆ ಸಾಗಿಸುವ ದುಷ್ಟ ತಂತ್ರಾಂಶವೂ ಜೊತೆಗಿರಬಹುದು. ಆಮೇಲೆ ವಿಂಡೋಸಿನ ‘ಡಿಫೆಂಡರ್’ನಲ್ಲಿರುವ ‘ಆಫ್‌ಲೈನ್ ಸ್ಕ್ಯಾನ್’ ಎಂಬುದನ್ನು ನಡೆಸಬೇಕು. ಇದು ವಿಂಡೋಸ್ ಏಳುವ ಮೊದಲೇ ತಪಾಸಣೆ ಮಾಡುತ್ತದೆಯಾದ್ದರಿಂದ ವೈರಸ್ಸಿಗೆ ಅಡ್ಡಿಪಡಿಸಲು ಅವಕಾಶವಿಲ್ಲ. ಸುಮಾರು 15 ನಿಮಿಷ ಹಿಡಿಯುತ್ತದೆ. ಮಳೆಗಾಲದಲ್ಲಿ ಬ್ಯಾಟರಿಯ ಆಸರೆಯಿಲ್ಲದೆ ಇದಕ್ಕೆ ಕೈಹಾಕಬಾರದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ವೈರಸ್‌ಗಳ ಹೊಸ ಗುರುತುಪಟ್ಟಿಯನ್ನು ಮೈಕ್ರೋಸಾಫ್ಟ್ ಒಂದೇ ಕಡತವಾಗಿಯೂ ಕೊಡುತ್ತದೆ. ತಪಾಸಣೆಗೆ ಮುಂಚೆ ಅದನ್ನು ರೋಗವಿಲ್ಲದ ಬೇರೆ ಯಂತ್ರದಲ್ಲಿ ಇಳಿಸಿಕೊಂಡು ತರಬಹುದು. ತರಲು ಹೊಸ ಪೆನ್‌ಡ್ರೈವ್ ಒಳ್ಳೆಯದು. ಭಾರತ ಸರ್ಕಾರವು 2017ರ ಫೆಬ್ರವರಿಯಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ವೂ ಉಚಿತ ಸಾಧನಗಳನ್ನು ಒದಗಿಸುತ್ತದೆ.

ಯಂತ್ರ ಶುದ್ಧವಾದ ಮೇಲಷ್ಟೇ ಪೆನ್‌ಡ್ರೈವಿನ ಸರದಿ. ಅದನ್ನೂ ತಪಾಸಣೆಮಾಡಿ, ಅಡಗಿದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿ, ವ್ಯವಸ್ಥೆಯ ಕಡತಗಳನ್ನು ಮರೆಮಾಡುವ ಆಯ್ಕೆಯನ್ನು ತೆಗೆದರೆ, ಕಳೆದುವೆಂದುಕೊಂಡವು ಮಂಕಾಗಿ ಮೂಡಿಬರುತ್ತವೆ. ಬರಹ, ಚಿತ್ರ, ಲೆಕ್ಕಗಳನ್ನು ಮಾತ್ರ ನಕಲು ತೆಗೆದುಕೊಳ್ಳಬೇಕು. ಬಾಣದ ಗುರುತಿನವನ್ನೂ, ‘ಇಎಕ್ಸ್‌ಇ’, ‘ವಿಬಿಎಸ್’ ಎಂದು ಕೊನೆಗೊಳ್ಳುವವನ್ನೂ ಮುಟ್ಟಬಾರದು. ಫಾರ್ಮ್ಯಾಟ್ ಮಾಡುವುದಿದ್ದರೆ ಈಗ, ನಕಲಾದ ಮೇಲೆ.

ಎರಡು ಬಾರಿ ತೊಳೆದರೂ ಮರುಕಳಿಸಿದರೆ ವಿಂಡೋಸನ್ನೇ ಹೊಸದಾಗಿ ಹಾಕುವುದು ಲೇಸೆಂದು ನನ್ನ ಮತ. ಬ್ಯಾಂಕಿನ ಮತ್ತು ಮಿಂಚಂಚೆಯ ಗುಪ್ತಪದಗಳನ್ನಂತೂ ಬದಲಿಸಲೇಬೇಕು, ಅದನ್ನು ಬೇರೊಂದು ಶುದ್ಧ ಯಂತ್ರದಲ್ಲಿ ಕುಳಿತು ಮಾಡಬೇಕು. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರವಾಣಿ ಮಾಡತಕ್ಕದ್ದು.

ಕೈಯಿಂದ ಕೈಗೆ ಹರಡುವ ಈ ಪರಿ ಹಳೆಯದು. 1986ರಲ್ಲಿ ಲಾಹೋರಿನ ಸೋದರರಿಬ್ಬರು ಬರೆದ ‘ಬ್ರೇನ್’ ವೈರಸ್ ಫ್ಲಾಪಿಗಳ ಮೂಲಕ ಊರೂರು ತಿರುಗಿತು. ಪೆನ್‌ಡ್ರೈವ್ ಚುಚ್ಚಿದೊಡನೆ ತಾನಾಗಿ ಓಡುವ ಸೌಲಭ್ಯವನ್ನು ಮೈಕ್ರೋಸಾಫ್ಟ್ 2011ರಲ್ಲಿ ಹಳೆಯ ವಿಂಡೋಸ್‌ಗಳಲ್ಲಿಯೂ ನಿಲ್ಲಿಸಿದ ಮೇಲೆ, ಒತ್ತುವ ಕೆಲಸ ನಮ್ಮ ಬೆರಳಿನ ಪಾಲಿಗೆ ಬಂದಿದೆ. ಅಂಗಡಿಗೆಂದೇ ಬೇರೆ ಪೆನ್‌ಡ್ರೈವ್ ಇಟ್ಟುಕೊಂಡು, ಆ ದಿನ ಅಚ್ಚಾಗಬೇಕಾದ ಒಂದು ಕಡತವನ್ನು ಮಾತ್ರ ಅದರಲ್ಲಿ ಒಯ್ಯುವ ಪದ್ಧತಿ ಈಗ ನಮ್ಮ ಬಂಧುಗಳ ಮನೆಯಲ್ಲಿದೆ.