ವಸಡಲ್ಲಿ ರಕ್ತ ಬಂದರೆ ಊರಿನ ಟಿಕೆಟ್‌ಗೆ ಕಾಯಬೇಡಿ

ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮ ಮನೆಗಳಲ್ಲಿ ಹಲ್ಲಿನ ವಿಷಯ ಬಂದಾಗಲೆಲ್ಲ ಒಂದು ಉತ್ತರ ಸಿದ್ಧವಾಗಿರುತ್ತದೆ: "ಡಿಸೆಂಬರ್‌ನಲ್ಲಿ ಊರಿಗೆ ಹೋಗ್ತೀವಲ್ಲ, ಅಲ್ಲೇ ತೋರಿಸಿದ್ರಾಯ್ತು." ಹುಳುಕು ತುಂಬಿಸಲು, ಕ್ಯಾಪ್ ಹಾಕಿಸಲು ಈ ಲೆಕ್ಕಾಚಾರ ತಪ್ಪೇನಲ್ಲ. ಎರಡು ಮೂರು ಸಲ ಹೋದರೆ ಕೆಲಸ ಮುಗಿಯುತ್ತದೆ, ದುಡ್ಡೂ ಉಳಿಯುತ್ತದೆ. ವಸಡಿನ ರೋಗಕ್ಕೆ ಮಾತ್ರ ಇದು ಹೊಂದುವುದಿಲ್ಲ.

ಹಲ್ಲು, ವಸಡು ಕೂಡುವ ಅಂಚಿನಲ್ಲಿ ದಿನವೂ ಬ್ಯಾಕ್ಟೀರಿಯಾಗಳ ಅಂಟು ಪದರ ಕಟ್ಟುತ್ತದೆ. ಅದು ಪ್ಲಾಕ್. ಉಜ್ಜಿದರೆ ಹೋಗುತ್ತದೆ, ಬಿಟ್ಟರೆ ಗಟ್ಟಿಯಾಗಿ ಟಾರ್ಟರ್ ಆಗಿ ಕೂರುತ್ತದೆ, ಆಮೇಲೆ ಬ್ರಷ್ಷಿಗೆ ಜಗ್ಗುವುದಿಲ್ಲ. ವಸಡು ಕೆಂಪಾಗಿ ಊದಿಕೊಂಡು, ಉಜ್ಜುವಾಗ ರಕ್ತ ಬರುತ್ತದೆ. ಈ ಹಂತದಲ್ಲಿ ಎಚ್ಚೆತ್ತರೆ ವಸಡು ಪೂರ್ತಿ ಸರಿಹೋಗುತ್ತದೆ. ತಡಮಾಡಿದರೆ ಕೆಲವರಲ್ಲಿ ವಸಡು ಹಲ್ಲನ್ನು ಬಿಟ್ಟು ಸಂದಾಗುತ್ತದೆ, ಹಲ್ಲನ್ನು ಹಿಡಿದಿರುವ ಮೂಳೆ ಒಳಗೊಳಗೇ ಕರಗುತ್ತದೆ. ಊರಲ್ಲಿ ಪಯೋರಿಯಾ ಅನ್ನುವುದು ಇದನ್ನೇ. ಸವೆದ ಮೂಳೆ ಸಾಮಾನ್ಯವಾಗಿ ಮತ್ತೆ ಬೆಳೆಯುವುದಿಲ್ಲ. ನೋವಂತೂ ಕೊನೆಯವರೆಗೂ ಇರುವುದಿಲ್ಲ ಎನ್ನಬಹುದು. ಅದೇ ಇದರ ದೊಡ್ಡ ತೊಂದರೆ.

ರಕ್ತ ಕಂಡ ಕೂಡಲೇ ಆ ಜಾಗ ಬಿಟ್ಟು ಉಜ್ಜುವವರು ಬಹಳ ಮಂದಿ. ಮಾಡಬೇಕಾದದ್ದು ಅದರ ಉಲ್ಟಾ: ಮೆದು ಬ್ರಷ್ಷಿನಿಂದ ಅಲ್ಲೇ ಇನ್ನಷ್ಟು ಜಾಗ್ರತೆಯಾಗಿ ಉಜ್ಜಬೇಕು. ಸಿಗರೇಟು ಸೇದುವವರಿಗೆ ಇನ್ನೊಂದು ಮಾತು. ನಿಕೋಟಿನ್‌ನಿಂದ ರಕ್ತನಾಳಗಳು ಕಿರಿದಾಗುವುದರಿಂದ ರೋಗ ಬಲಿತಿದ್ದರೂ ರಕ್ತ ಕಾಣಿಸದೆ ಇರಬಹುದು. "ನನಗೆ ರಕ್ತಾನೇ ಬರಲ್ಲ" ಎಂದು ನಿಶ್ಚಿಂತೆಯಾಗಿರಬೇಡಿ.

ಇಲ್ಲಿಯ ಡೆಂಟಿಸ್ಟ್ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದಾಗ ಅವರು ಪಕ್ಕದ ನರ್ಸಿಗೆ "ಟೂ, ತ್ರೀ, ತ್ರೀ, ಒನ್" ಎಂದು ಹೇಳುವುದು ಕೇಳಿಸುತ್ತದೆ. ಹಲ್ಲಿನ ಲೆಕ್ಕವಲ್ಲ ಅದು, ವಸಡಿನ ಮಾರ್ಕ್ಸು. ಇಲ್ಲಿ ಕಡಿಮೆ ಬಂದವರೇ ಪಾಸು. ಬಾಯಿಯನ್ನು ಆರು ಭಾಗ ಮಾಡಿಕೊಂಡು, ತುದಿಯಲ್ಲಿ ಅರ್ಧ ಮಿಲಿಮೀಟರ್ ಗುಂಡಿರುವ ಸಣ್ಣ ಕಡ್ಡಿಯನ್ನು ವಸಡಿನ ಅಂಚಿನಲ್ಲಿ ಮೆಲ್ಲಗೆ ಇಳಿಸುತ್ತಾರೆ. ಕಡ್ಡಿಯ ಮೇಲೆ 3.5ರಿಂದ 5.5 ಮಿಲಿಮೀಟರ್‌ವರೆಗೆ ಕಪ್ಪು ಪಟ್ಟಿಯಿದೆ. ಸೊನ್ನೆ ಅಂದರೆ ಆರೋಗ್ಯ, ಒಂದು ಅಂದರೆ ರಕ್ತ, ಎರಡು ಅಂದರೆ ಟಾರ್ಟರ್. ಪಟ್ಟಿ ಅರೆಬರೆ ಮುಳುಗಿದರೆ ಮೂರು, ಪೂರ್ತಿ ಮುಳುಗಿದರೆ ನಾಲ್ಕು. ಏಳುವ ಮುಂಚೆ "ನನ್ನ ನಂಬರ್ ಎಷ್ಟು ಬಂತು?" ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮೂರು, ನಾಲ್ಕು ಬಂದಿದ್ದರೆ ಎಕ್ಸ್‌ರೇ, ಮುಂದಿನ ಚಿಕಿತ್ಸೆ ಏನೆಂದು ಅಲ್ಲೇ ವಿಚಾರಿಸಿ.

ಆಗ ಬೇಕಾಗುವುದು ವಸಡಿನ ಕೆಳಗಿನ ಆಳದ ಕ್ಲೀನಿಂಗ್. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಬೇರಿನ ಮೇಲಿರುವ ಟಾರ್ಟರ್ ಕೆರೆದು ತೆಗೆಯುತ್ತಾರೆ. ಸುಮಾರು ಮೂರು ತಿಂಗಳ ಬಳಿಕ ಮತ್ತೆ ಅಳೆದು, ಸಂದು ಮುಚ್ಚಿದೆಯೇ ನೋಡುತ್ತಾರೆ. ಮುಚ್ಚದ ಕಡೆ ಇನ್ನೊಮ್ಮೆ ಕ್ಲೀನಿಂಗ್, ಕೆಲವರಿಗೆ ಸಣ್ಣ ಆಪರೇಷನ್. ಆಮೇಲೂ ಕೆಲವು ತಿಂಗಳಿಗೊಮ್ಮೆ ತೋರಿಸುತ್ತಲೇ ಇರಬೇಕು. ಮೂರು ವಾರದ ರಜೆಯಲ್ಲಿ, ಎರಡು ಮದುವೆ, ಒಂದು ಗೃಹಪ್ರವೇಶದ ನಡುವೆ ಇದು ಮುಗಿಯುವ ಮಾತಲ್ಲ. ಬೆಂಗಳೂರಿನ ಡಾಕ್ಟರು ಚೆನ್ನಾಗಿಯೇ ಕ್ಲೀನ್ ಮಾಡಿಯಾರು. ಮೂರು ತಿಂಗಳಾದ ಮೇಲೆ ಅಳೆಯುವುದಕ್ಕೆ ನೀವೇ ಅಲ್ಲಿರುವುದಿಲ್ಲ.

"ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ" ಎಂದು ಅತ್ತೆ ಫೋನಿನಲ್ಲಿ ಹೇಳಿಯೇ ಹೇಳುತ್ತಾರೆ. ಊತ ಇಳಿದು ವಸಡು ಕುಗ್ಗುವುದರಿಂದ ಹಲ್ಲು ಉದ್ದವಾಗಿ ಕಾಣುತ್ತದೆ, ಸಂದು ಎದ್ದು ತೋರುತ್ತದೆ, ಕೆಲವು ದಿನ ತಣ್ಣೀರಿಗೆ ಜುಂ ಅನ್ನುತ್ತದೆ. ಅಷ್ಟು ದಿನ ಟಾರ್ಟರ್ ಮುಚ್ಚಿಟ್ಟಿದ್ದು ಈಗ ಕಾಣಿಸಿತು ಅಷ್ಟೆ.

ಇನ್ನು ದುಡ್ಡು. ವೀಸಾ ಜೊತೆ ದೊಡ್ಡವರಿಗೆ ತಲಾ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದರೂ ಹಲ್ಲಿಗೆ ಬೇರೆ ಕೊಡಬೇಕು. ಬಂದ ಹೊಸದರಲ್ಲಿ ಎಲ್ಲರಿಗೂ ಉರಿಯುವ ಸಂಗತಿ ಇದು. 2025ರ ಏಪ್ರಿಲ್‌ನಲ್ಲಿ ನಿಗದಿಯಾದಂತೆ ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ತಪಾಸಣೆಗೆ 27.40 ಪೌಂಡ್, ಅಗತ್ಯವಿದ್ದರೆ ಮೇಲ್ಮೈ ಕ್ಲೀನಿಂಗೂ ಅದರಲ್ಲೇ ಸೇರುತ್ತದೆ. ಆಳದ ಕ್ಲೀನಿಂಗ್ ಶುಲ್ಕದ ಎರಡನೇ ಹಂತದ್ದು (ಬ್ಯಾಂಡ್ 2), 75.30 ಪೌಂಡ್. ಒಂದು ಚಿಕಿತ್ಸೆಗೆ ಎಷ್ಟು ಸಲ ಹೋದರೂ ಅದು ಒಂದೇ ಶುಲ್ಕ. ಹದಿನೆಂಟರೊಳಗಿನ ಮಕ್ಕಳಿಗೆ ಉಚಿತ. ಬಸುರಿಯರಿಗೆ, ಹೆರಿಗೆಯಾಗಿ ಹನ್ನೆರಡು ತಿಂಗಳವರೆಗೂ ಉಚಿತ. ಮಿಡ್‌ವೈಫ್ ಅಥವಾ ಜಿಪಿ ಕಡೆಯಿಂದ ವಿನಾಯಿತಿ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಬಸುರಿನಲ್ಲಿ ಹಾರ್ಮೋನುಗಳಿಂದ ವಸಡು ಬೇಗ ಊದಿಕೊಳ್ಳುವುದರಿಂದ ಈ ಸೌಲಭ್ಯ ಕಳೆದುಕೊಳ್ಳಬಾರದು.

ಮನೆಯಲ್ಲಿ ಶುಗರ್ ಇರುವವರಿದ್ದರೆ ಅವರ ಸರದಿ ಮೊದಲು. ಸಕ್ಕರೆ ಹತೋಟಿ ತಪ್ಪಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಬಿಪಿಗೆ ಆಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ವಸಡು ದಪ್ಪಗೆ ಬೆಳೆಯುತ್ತದೆ; ಮಾತ್ರೆ ನೀವೇ ನಿಲ್ಲಿಸಬೇಡಿ, ಜಿಪಿಗೂ ಡೆಂಟಿಸ್ಟಿಗೂ ತಿಳಿಸಿ. ಊರಿಂದ ತಂದ ಆಂಟಿಬಯೋಟಿಕ್ ಮಾತ್ರೆ ನುಂಗಿದರೆ ಟಾರ್ಟರ್ ಕರಗುವುದಿಲ್ಲ. ಉಪ್ಪುನೀರು, ಲವಂಗದೆಣ್ಣೆಯಿಂದ ಬಾಯಿಗೆ ಹಿತವಾದೀತು, ಅಷ್ಟಕ್ಕೇ ಮುಗಿಯಿತು. ಅಡಿಕೆ, ಗುಟ್ಕಾ ಬಿಡಲೇಬೇಕು. ಹಲ್ಲಿನ ಸಂದಿಗೆ ತೂರಿಸುವ ಪುಟ್ಟ ಬ್ರಷ್ಷುಗಳು ಇಲ್ಲಿಯ ಸೂಪರ್‌ಮಾರ್ಕೆಟ್ಟುಗಳಲ್ಲೇ ಸಿಗುತ್ತವೆ, ಬಣ್ಣಕ್ಕೊಂದು ಅಳತೆ. ಯಾವ ಸಂದಿಗೆ ಯಾವುದೆಂದು ಹೈಜೀನಿಸ್ಟ್ ತೋರಿಸಿಕೊಡುತ್ತಾರೆ.

ಎನ್‌ಎಚ್‌ಎಸ್ ಡೆಂಟಿಸ್ಟ್ ಸಿಗುವುದು ಕಷ್ಟ, ನಿಜ. ಆದರೆ ಜಿಪಿಯ ಹಾಗೆ ಇದಕ್ಕೆ ಏರಿಯಾದ ಕಟ್ಟುಪಾಡಿಲ್ಲ. ಪಕ್ಕದ ಊರಿನ ಕ್ಲಿನಿಕ್ಕಿಗೂ ಫೋನ್ ಮಾಡಬಹುದು, ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬರೆಸಬಹುದು. ಕೀವು, ತೀರಾ ನೋವು ಇದ್ದರೆ 111ಕ್ಕೆ ಕರೆ ಮಾಡಿ. ಬಾವು ಏರಿ ಉಸಿರಾಡಲು, ನುಂಗಲು ಕಷ್ಟವಾದರೆ ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಉಳಿದವರು ಊರಿನ ಟಿಕೆಟ್ ಬುಕ್ ಮಾಡುವ ಮೊದಲು ಇಲ್ಲಿ ಒಂದು ಅಪಾಯಿಂಟ್‌ಮೆಂಟ್ ಮಾಡಿಸಿ.