ಕಡೂರು ಸೀಮೆಗೆ ಹೊಸ ಇಂಗ್ಲಿಷ್ ಟೀಚರ್: ಮೊದಲ ತಿಂಗಳು, ಹಂತ ಹಂತವಾಗಿ

ಆದೇಶ ಕೈಗೆ ಬಂದಿದೆ. ಶಾಲೆಯ ಹೆಸರಿನ ಪಕ್ಕದಲ್ಲಿ ಕಡೂರು, ತರೀಕೆರೆ ಅಥವಾ ಅಜ್ಜಂಪುರ ತಾಲ್ಲೂಕು ಎಂದಿದೆ. ನೀವು ಕಲಬುರಗಿಯವರೋ, ಉಡುಪಿಯವರೋ, ಬೆಂಗಳೂರಿನವರೋ, ಅಂತೂ ಈ ಕಡೆಯವರಲ್ಲ. ಕಾಯಂ ಶಿಕ್ಷಕರಾಗಿರಬಹುದು, ಅತಿಥಿ ಶಿಕ್ಷಕರಾಗಿರಬಹುದು. ಊರು ಹೊಸದು, ಮಕ್ಕಳು ಹೊಸಬರು, ಕಲಿಸಬೇಕಾದದ್ದು ಇಂಗ್ಲಿಷ್. ಭಯಪಡಬೇಡಿ. ಒಂದೊಂದೇ ಹೆಜ್ಜೆ ಇಡೋಣ.

ಮೊದಲ ತಿಂಗಳಿಗೆ ಒಂದೇ ಗುರಿ ಇಟ್ಟುಕೊಳ್ಳಿ. ತಿಂಗಳು ಮುಗಿಯುವಷ್ಟರಲ್ಲಿ ನಿಮ್ಮ ತರಗತಿಯ ಪ್ರತಿ ಮಗುವೂ ತನ್ನದೇ ಆದ ಒಂದು ಇಂಗ್ಲಿಷ್ ವಾಕ್ಯವನ್ನು ಎದ್ದು ನಿಂತು ಹೇಳಬೇಕು. ಪುಸ್ತಕದ ವಾಕ್ಯ ಬೇಡ, ಅದರ ಸ್ವಂತ ವಾಕ್ಯ. ಸಿಲೆಬಸ್ ಎಲ್ಲಿಗೂ ಓಡಿಹೋಗುವುದಿಲ್ಲ.

1. ದಾರಿ ನೋಡಿಕೊಳ್ಳಿ. ಶಾಲೆಗೆ ಹಾಜರಾಗುವ ಹಿಂದಿನ ದಿನವೇ ಒಮ್ಮೆ ಹೋಗಿ ಬನ್ನಿ. ರೈಲಿನಲ್ಲಿ ಬರುವವರಿಗೆ ಒಂದು ಎಚ್ಚರಿಕೆ: ಬೆಂಗಳೂರಿನ ಕಡೆಯಿಂದ ಕಡೂರು, ಬೀರೂರಿನ ತನಕ ಹಳಿ ಒಂದೇ. ಬೀರೂರು ಜಂಕ್ಷನ್ನಿನಲ್ಲಿ ಅದು ಕವಲೊಡೆಯುತ್ತದೆ. ಶಿವಮೊಗ್ಗದ ಗಾಡಿ ತರೀಕೆರೆಗೆ ಹೋಗುತ್ತದೆ, ಹುಬ್ಬಳ್ಳಿಯ ಗಾಡಿ ಅಜ್ಜಂಪುರದ ಕಡೆ ಹೋಗುತ್ತದೆ. ಹೊಸಬರು ಎಡವುವುದು ಇಲ್ಲೇ, ಗಾಡಿ ಹತ್ತುವ ಮೊದಲು ಕೇಳಿಕೊಳ್ಳಿ. ಸ್ಟೇಷನ್ನಿನಿಂದ ಹಳ್ಳಿಗೆ ಬಸ್ಸೋ ಆಟೋನೋ ನೋಡಿ, ಮೊದಲ ಬಸ್ ಎಷ್ಟು ಗಂಟೆಗೆ, ಕೊನೆಯ ಬಸ್ ಎಷ್ಟಕ್ಕೆ ಎಂದು ಬರೆದಿಟ್ಟುಕೊಳ್ಳಿ. ಶನಿವಾರ ಬೆಳಗಿನ ತರಗತಿ ಇರುತ್ತದೆ, ಅವತ್ತು ಬೇಗ ಹೊರಡಬೇಕು.

2. ಕಾಗದಪತ್ರ ಮುಗಿಸಿ. ಆದೇಶದ ಜೆರಾಕ್ಸ್ ನಾಲ್ಕೈದು ಪ್ರತಿ ಮಾಡಿಸಿ. ಕರ್ತವ್ಯಕ್ಕೆ ಹಾಜರಾದ ವರದಿಯಲ್ಲಿ ಪೂರ್ವಾಹ್ನವೋ ಅಪರಾಹ್ನವೋ ಎಂಬುದನ್ನು ಮರೆಯದೆ ಬರೆಯಿರಿ, ಸಂಬಳದ ಲೆಕ್ಕ ಅಲ್ಲಿಂದಲೇ ಶುರು. ಶಾಲೆ ಯಾವ ಬಿಇಒ ಕಚೇರಿಗೆ ಸೇರಿದೆ ಎಂದು ಆದೇಶದಲ್ಲೇ ನೋಡಿ. ಕಡೂರು ತಾಲ್ಲೂಕಿನೊಳಗೇ ಬೀರೂರು ಬೇರೆ ಶೈಕ್ಷಣಿಕ ವಲಯ. ಕಡೂರು ಕಚೇರಿಯಲ್ಲಿ ಅರ್ಧ ದಿನ ಕಾದ ಮೇಲೆ "ನಿಮ್ಮದು ಬೀರೂರು ಕಣ್ರೀ" ಅನ್ನಿಸಿಕೊಳ್ಳಬೇಡಿ.

3. ಮನೆ ಹುಡುಕಿ. ಆದಷ್ಟೂ ಶಾಲೆಗೆ ಹತ್ತಿರ ಇರಿ. ಆಗದಿದ್ದರೆ ಕಡೂರು, ಬೀರೂರು, ತರೀಕೆರೆಯಲ್ಲಿ ಬಾಡಿಗೆ ರೂಮು ಸಿಗುತ್ತದೆ. ಲಕ್ಕವಳ್ಳಿ, ಲಿಂಗದಹಳ್ಳಿ ಕಡೆ ಶಾಲೆಯಾದರೆ ಒಳ್ಳೆಯ ಛತ್ರಿ ಕೊಳ್ಳಿ, ಅದು ಅರೆಮಲೆನಾಡು. ಯಗಟಿ, ಪಂಚನಹಳ್ಳಿ, ಶಿವನಿ ಕಡೆಯಾದರೆ ಛತ್ರಿಗಿಂತ ನೀರಿನ ಬಾಟಲಿಗೆ ಹೆಚ್ಚು ಕೆಲಸ.

4. ಎಚ್.ಎಂ. ಹತ್ತಿರ ಕೂತು ಕೇಳಿ. ಮೊದಲ ದಿನ ಸಲಹೆ ಕೊಡಬೇಡಿ, ಕೇಳಿಸಿಕೊಳ್ಳಿ. ಇಂಗ್ಲಿಷ್ ಪಿರಿಯಡ್ ವೇಳಾಪಟ್ಟಿಯಲ್ಲಿ ಎಲ್ಲಿದೆ? ಹೋದ ವರ್ಷ ಈ ವಿಷಯವನ್ನು ಯಾರು ತೆಗೆದುಕೊಳ್ಳುತ್ತಿದ್ದರು? ಮಕ್ಕಳು ಯಾವ ಯಾವ ಊರಿಂದ ಬರುತ್ತಾರೆ? ಸಿಆರ್‌ಪಿ ಯಾರು? ಇಷ್ಟು ಸಾಕು. ಇಂಗ್ಲಿಷ್ ಪಿರಿಯಡ್ ಊಟದ ನಂತರ ಬಿದ್ದಿದ್ದರೆ, ಒಂದೆರಡು ವಾರ ಕಳೆದ ಮೇಲೆ ಬೆಳಿಗ್ಗೆಗೆ ಬದಲಿಸಿಕೊಡಿ ಎಂದು ನಯವಾಗಿ ಕೇಳಿ. ಮೊದಲ ದಿನವೇ ಕೇಳಿದರೆ ಸ್ಟಾಫ್ ರೂಮಿನಲ್ಲಿ ನಿಮಗೊಂದು ಹೆಸರು ಬಿದ್ದುಬಿಡುತ್ತದೆ.

5. ಬಿಸಿಯೂಟಕ್ಕೆ ಮಕ್ಕಳ ಜೊತೆ ಕೂರಿ. ತರಗತಿಯಲ್ಲಿ ಬಾಯಿ ಬಿಡದ ಮಗು ತಟ್ಟೆ ಮುಂದೆ ಇಟ್ಟುಕೊಂಡಾಗ ಮಾತಾಡುತ್ತದೆ. ಅಡುಗೆಯವರನ್ನು ಅಕ್ಕ, ಅಮ್ಮ ಎಂದು ಮಾತಾಡಿಸಿ. ಯಾವ ಮನೆಯ ಮಗು, ಯಾಕೆ ನಿನ್ನೆ ಬರಲಿಲ್ಲ ಎಂಬುದು ಹಾಜರಿ ಪುಸ್ತಕಕ್ಕಿಂತ ಮೊದಲು ಅವರಿಗೆ ಗೊತ್ತಿರುತ್ತದೆ.

6. ಹೆಸರು ಕಲಿಯಿರಿ, ಮನೆಮಾತು ಕೇಳಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಮಗುವಿಗೆ ಒಂದು ಸಾಲು: ಹೆಸರು, ಊರು, ಮನೆಯಲ್ಲಿ ಆಡುವ ಮಾತು. ತಾಂಡಾದಿಂದ ಬರುವ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ, ಬೀರೂರು, ತರೀಕೆರೆ ಪೇಟೆಯ ಎಷ್ಟೋ ಮನೆಗಳಲ್ಲಿ ಉರ್ದು. ಅಂಥ ಮಗುವಿಗೆ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ನೀವು ಕನ್ನಡದಲ್ಲಿ ವಿವರಿಸಿದಾಗಲೂ ಅದು ಸುಮ್ಮನೆ ಕೂತಿದ್ದರೆ ದಡ್ಡತನ ಅಂದುಕೊಳ್ಳಬೇಡಿ. "ನೀರಿಗೆ ನಿಮ್ಮನೇಲಿ ಏನಂತೀರ?" ಎಂದು ಕೇಳಿ. ಆ ಮಗು ಇಡೀ ಕ್ಲಾಸಿಗೆ ಪಾಠ ಮಾಡುವ ಅವಕಾಶ ಅದು. ನೀವು ಉತ್ತರ ಕರ್ನಾಟಕದವರಾಗಿದ್ದರೆ ನಿಮ್ಮ ಕನ್ನಡ ಕೇಳಿ ಮಕ್ಕಳು ಕಿಸಕ್ಕೆಂದು ನಕ್ಕೇ ನಗುತ್ತಾರೆ. ನಗಲಿ, ನೀವೂ ನಗಿ. ಟೀಚರ್ ಮಾತಿಗೆ ನಗಬಹುದು, ಟೀಚರ್ ಬೇಜಾರು ಮಾಡಿಕೊಳ್ಳಲ್ಲ ಎಂದು ಗೊತ್ತಾದ ಕ್ಲಾಸಿನಲ್ಲಿ ತಪ್ಪು ಇಂಗ್ಲಿಷ್ ಆಡಲು ಮಕ್ಕಳಿಗೆ ಧೈರ್ಯ ಬರುತ್ತದೆ.

7. ಮೊದಲ ಪಿರಿಯಡ್: ಪುಸ್ತಕ ತೆರೆಯಬೇಡಿ. ಬೋರ್ಡು, ಚಾಕ್‌ಪೀಸು ಸಾಕು. ಬೋರ್ಡಿನ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ತೋಟ, ಬಲಗಡೆ ಬಸ್‌ಸ್ಟ್ಯಾಂಡ್ ಎಂದು ಬರೆಯಿರಿ. ಆಮೇಲೆ ಕೇಳಿ: "ತೋಟದಲ್ಲಿ ನಿಮ್ಮಪ್ಪ ಬಳಸುವ ಇಂಗ್ಲಿಷ್ ಪದ ಯಾವುವು?"

ಒಂದು ನಿಮಿಷ ಯಾರೂ ಮಾತಾಡುವುದಿಲ್ಲ. ಕಾಯಿರಿ, ನೀವೇ ಉತ್ತರ ಹೇಳಿಬಿಡಬೇಡಿ. ಹಿಂದಿನ ಬೆಂಚಿನಿಂದ ಒಬ್ಬ "ಮೋಟ್ರು" ಅನ್ನುತ್ತಾನೆ. ಅಲ್ಲಿಂದ ಮುಂದೆ ನಿಲ್ಲಿಸುವುದೇ ಕಷ್ಟ: ಸ್ಟಾರ್ಟರ್, ಪೈಪ್, ಕೇಬಲ್, ಫ್ಯೂಸ್, ಬೋರ್‌ವೆಲ್, ಡ್ರಿಪ್, ಟಿಲ್ಲರ್, ತ್ರೀ ಫೇಸ್, ಸಿಂಗಲ್ ಫೇಸ್. ಅಡಿಕೆ, ತೆಂಗು, ಈರುಳ್ಳಿ ಬೆಳೆಯುವ ಮನೆಯ ಮಕ್ಕಳು ಇವರು, ಬೋರ್‌ವೆಲ್ಲಿನ ಶಬ್ದಕೋಶ ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಮಕ್ಕಳು ಹೇಳಿದ್ದನ್ನೆಲ್ಲ ಸರಿಯಾದ ಸ್ಪೆಲ್ಲಿಂಗಿನಲ್ಲಿ ಬರೆಯುತ್ತಾ ಹೋಗಿ. ಬಲಗಡೆಯ ಬಸ್, ಟಿಕೆಟ್, ಕಂಡಕ್ಟರ್, ಸೀಟುಗಳಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಪಿರಿಯಡ್ಡಿನ ಕೊನೆಯ ಹತ್ತು ನಿಮಿಷ ಒಂದೇ ಚೌಕಟ್ಟು ಕೊಡಿ: "ವಿ ಹ್ಯಾವ್ ಎ..." ಉಳಿದದ್ದನ್ನು ಮಗು ತುಂಬಲಿ. ವಿ ಹ್ಯಾವ್ ಎ ಮೋಟರ್. ವಿ ಹ್ಯಾವ್ ಎ ಬೋರ್‌ವೆಲ್. ಒಬ್ಬಳು ಎದ್ದು "ತ್ರೀ ಫೇಸ್ ಕಮ್ ನೈಟ್" ಅಂದರೆ ವ್ಯಾಕರಣ ತಿದ್ದಲು ಹೋಗಬೇಡಿ. "ಯೆಸ್! ತ್ರೀ ಫೇಸ್ ಕಮ್ಸ್ ಅಟ್ ನೈಟ್" ಎಂದು ನೀವು ಸರಿಯಾಗಿ ಒಮ್ಮೆ ಹೇಳಿ, ಮುಂದೆ ಸಾಗಿ. ಮಗು ತನ್ನ ಮನೆಯ ಕಷ್ಟವನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅದಕ್ಕಿಂತ ಒಳ್ಳೆಯ ಮೊದಲ ದಿನ ಯಾವ ಟೀಚರಿಗೂ ಸಿಗಲಾರದು.

8. ದಿನಾ ಐದು ಆಜ್ಞೆ. ಸ್ಟ್ಯಾಂಡ್ ಅಪ್, ಸಿಟ್ ಡೌನ್, ಕಮ್ ಹಿಯರ್, ಓಪನ್ ದ ವಿಂಡೋ, ಗಿವ್ ಮಿ ದ ಚಾಕ್. ಇವನ್ನು ಕನ್ನಡಕ್ಕೆ ತಿರುಗಿಸಬೇಡಿ, ಕೈಸನ್ನೆ ಸಾಕು. ಎರಡನೇ ವಾರದಲ್ಲಿ ಆಜ್ಞೆ ಕೊಡುವ ಕೆಲಸ ಮಕ್ಕಳಿಗೆ, ಪಾಲಿಸುವ ಕೆಲಸ ನಿಮಗೆ. ಟೀಚರ್ ಎದ್ದು ಕೂತು ಮಾಡುವುದನ್ನು ನೋಡಲು ಪಕ್ಕದ ಕ್ಲಾಸಿನ ಮಕ್ಕಳೂ ಕಿಟಕಿಗೆ ಬರುತ್ತಾರೆ. ಹಾಗಂತ ಪೂರ್ತಿ ಇಂಗ್ಲಿಷಿನಲ್ಲೇ ಪಾಠ ಮಾಡುವ ಹಠ ಬೇಡ. ಆಟದ ನಿಯಮ, ಗದರಿಕೆ, ಸಮಾಧಾನ ಇವೆಲ್ಲ ಕನ್ನಡದಲ್ಲೇ ಇರಲಿ.

9. ಜಾಗ ಬದಲಿಸುವ ಆಟ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ ನುಗ್ಗುತ್ತದೆ. ಇದನ್ನು ವಿವರಿಸಲು ಹೋದರೆ ಮಕ್ಕಳು ಆಕಳಿಸುತ್ತಾರೆ. ಬದಲಿಗೆ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ದಪ್ಪಗೆ ಮೂರು ಪದ ಬರೆಯಿರಿ: ರಾಮು, ಮುದ್ದೆ, ಈಟ್ಸ್. ಮೂವರು ಮಕ್ಕಳು ಒಂದೊಂದು ಹಾಳೆ ಹಿಡಿದು ಕನ್ನಡದ ಕ್ರಮದಲ್ಲಿ ನಿಲ್ಲಲಿ. ನೀವು "ಇಂಗ್ಲಿಷ್!" ಅಂದ ಕೂಡಲೇ ಕೊನೆಯ ಇಬ್ಬರು ಜಾಗ ಬದಲಿಸಬೇಕು. ರಾಮು ಈಟ್ಸ್ ಮುದ್ದೆ. "ಕನ್ನಡ!" ಅಂದರೆ ಮತ್ತೆ ವಾಪಸ್. ಮೊದಮೊದಲು ಢಿಕ್ಕಿ ಹೊಡೆಯುತ್ತಾರೆ, ಮುದ್ದೆ ಹಿಡಿದವನು ರಾಮುವಿನ ಜಾಗಕ್ಕೇ ಬಂದು ನಿಲ್ಲುತ್ತಾನೆ, ಆಗ ಮುದ್ದೆಯೇ ರಾಮುವನ್ನು ತಿಂದಂತಾಗಿ ಕ್ಲಾಸೆಲ್ಲ ಹೋ ಅನ್ನುತ್ತದೆ. ಆ ನಗುವಿನಲ್ಲೇ ಪಾಠ ಮುಗಿದಿರುತ್ತದೆ. ಮಾರನೆಯ ದಿನ ಪದ ಬದಲಿಸಿ.

10. ಕೋರಸ್ ಮುರಿಯಿರಿ. ಹೊಸಬರಲ್ಲಿ ಹೆಚ್ಚಿನವರು ಬೀಳುವ ಹೊಂಡ ಇದು. "ಅರ್ಥ ಆಯ್ತಾ?" ಅಂದರೆ "ಆಯ್ತು ಸಾರ್" ಎಂಬ ಘೋಷ ಹೆಂಚು ಹಾರುವಂತೆ ಬರುತ್ತದೆ. ನಂಬಬೇಡಿ. ಇದು ನಮ್ಮ ಮಕ್ಕಳ ದೋಷವೇನಲ್ಲ, ಬೇರೆ ಕಡೆಯೂ ಹೀಗೇ. ಚೀನಾ 2001ರಲ್ಲಿ ಮೂರನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲು ನಿರ್ಧರಿಸಿತು. ಅಲ್ಲಿನ ದೊಡ್ಡ ದೊಡ್ಡ ತರಗತಿಗಳಿಗೆ ಪಾಠ ಮಾಡಲು ಹೋಗುವ ವಿದೇಶಿ ಟೀಚರುಗಳೂ ಇದೇ ಮಾತು ಹೇಳುತ್ತಾರೆ: ಒಟ್ಟಾಗಿ ಎಲ್ಲರೂ ಕೂಗುತ್ತಾರೆ, ಒಬ್ಬೊಬ್ಬರನ್ನೇ ಎಬ್ಬಿಸಿದರೆ ಮೌನ. ನಮ್ಮಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದ್ದರೂ ಈ ಮೌನ ಹೈಸ್ಕೂಲಿನವರೆಗೂ ನಡೆದುಬರುತ್ತದೆ.

ಮುರಿಯುವುದು ಹೇಗೆ? ಮೊದಲು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ. "ವಾಟ್ ಡಿಡ್ ಯು ಈಟ್?" ಎಂದು ಒಬ್ಬ ಕೇಳಲಿ, ಇನ್ನೊಬ್ಬ ಹೇಳಲಿ. ಕ್ಲಾಸಿನ ತುಂಬ ಗದ್ದಲವಾಗುತ್ತದೆ, ಆಗಲಿ. ಆ ಗದ್ದಲದಲ್ಲಿ ತನ್ನ ತಪ್ಪು ಯಾರಿಗೂ ಕೇಳಿಸುವುದಿಲ್ಲವೆಂದು ನಾಚುವ ಮಗುವೂ ಬಾಯಿ ಬಿಡುತ್ತದೆ. ಎಚ್.ಎಂ. ಬಾಗಿಲಿಗೆ ಬಂದು ನೋಡಿದರೆ ಗಾಬರಿಯಾಗಬೇಡಿ, ಮೊದಲೇ ಅವರಿಗೊಂದು ಮಾತು ಹೇಳಿಟ್ಟಿರಿ.

11. ನೋಟ್‌ಬುಕ್ಕಿನಲ್ಲಿ ಕೆಂಪು ಇಂಕು ಸುರಿಯಬೇಡಿ. ಒಂದು ಪುಟದಲ್ಲಿ ಎರಡೇ ತಪ್ಪು ತಿದ್ದಿ, ಒಂದು ಒಳ್ಳೆಯ ವಾಕ್ಯದ ಕೆಳಗೆ ಗೆರೆ ಎಳೆಯಿರಿ. ಗೈಡಿನಿಂದ ಇಳಿಸಿದ ಉತ್ತರ ಮುತ್ತಿನಂಥ ಅಕ್ಷರದಲ್ಲಿದ್ದರೂ ಅದಕ್ಕೆ "ಗುಡ್" ಬರೆಯಬೇಡಿ. ಕೊಂಕುಕೊಂಕಾಗಿ ಬರೆದ ಸ್ವಂತ ವಾಕ್ಯಕ್ಕೆ ಬರೆಯಿರಿ. ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆಗೆ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಮಾತಿಗೆ ಸಿಗುವ ಅಂಕ ಕಡಿಮೆ ಎಂದು ಹಿರಿಯ ಸಹೋದ್ಯೋಗಿಗಳು ನೆನಪಿಸುತ್ತಾರೆ. ಅವರ ಮಾತೂ ಸುಳ್ಳಲ್ಲ. ಆದರೆ ಆಡಲು ಬಾರದ ವಾಕ್ಯವನ್ನು ಉರು ಹೊಡೆದ ಮಗು ಪ್ರಶ್ನೆ ಸ್ವಲ್ಪ ತಿರುಚಿದರೂ ಕೈಚೆಲ್ಲಿ ಕೂರುತ್ತದೆ. ಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪೂರಕ ಸಾಮಗ್ರಿ ಸಿಗುತ್ತದೆ. ನೆಟ್‌ವರ್ಕ್ ನೆಚ್ಚಿಕೊಳ್ಳದೆ ರೂಮಿನಲ್ಲೇ ಇಳಿಸಿಕೊಂಡು ಹೋಗಿ.

12. ಹಾಜರಿ ಕುಸಿದರೆ ಎದೆಗುಂದಬೇಡಿ. ಈರುಳ್ಳಿ ಕೀಳುವಾಗ ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವ ಹುಡುಗಿಯರಿದ್ದಾರೆ. ಅಂತರಘಟ್ಟೆ ಜಾತ್ರೆಗೆ ಎತ್ತಿನಗಾಡಿ ಹೊರಟರೆ ಹುಡುಗರು ಶಾಲೆಯಲ್ಲಿ ಸಿಗುವುದುಂಟೇ? ವಾಪಸ್ ಬಂದವರನ್ನು ಬೈಯುವ ಬದಲು ಬೋರ್ಡಿನ ಹತ್ತಿರ ಕರೆಯಿರಿ. "ವಾಟ್ ಡಿಡ್ ಯು ಸೀ?" ಎಂದು ಕೇಳಿ ಮೂರು ವಾಕ್ಯ ಹೇಳಿಸಿ. ಭೂತಕಾಲ ಕಲಿಸಲು ಜಾತ್ರೆಗಿಂತ ಒಳ್ಳೆಯ ಪಾಠ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

13. ಪೋಷಕರ ಹತ್ತಿರ ಮಾತಾಡಿ. ಬೆಳಿಗ್ಗೆ ಊರಿಗೆ ಹಳದಿ ವ್ಯಾನ್ ಬಂದು ಒಂದಷ್ಟು ಮಕ್ಕಳನ್ನು ಪೇಟೆಯ ಕಾನ್ವೆಂಟಿಗೆ ಕರೆದೊಯ್ಯುವುದನ್ನು ನೀವೂ ನೋಡುತ್ತೀರಿ. ಸಾಲ ಮಾಡಿಯಾದರೂ ಫೀಸು ಕಟ್ಟುವುದು ಬಹುಪಾಲು ಇಂಗ್ಲಿಷ್ ಆಸೆಗೆ. ಹಾಗಾಗಿ ಊರಿನ ಕಣ್ಣು ನಿಮ್ಮ ಮೇಲಿರುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ಭಾಷಣ ಮಾಡಬೇಡಿ. ಇಬ್ಬರು ಮಕ್ಕಳನ್ನು ನಿಲ್ಲಿಸಿ, ತಮ್ಮ ತೋಟದ ಬಗ್ಗೆ ನಾಲ್ಕು ವಾಕ್ಯ ಹೇಳಿಸಿ. ಇಬ್ಬರಲ್ಲಿ ಒಬ್ಬರಾದರೂ ಕ್ಲಾಸಿನ ಬುದ್ಧಿವಂತರಲ್ಲದವರು ಇರಲಿ, ಇದು ಮುಖ್ಯ.

14. ತಿಂಗಳ ಕೊನೆಗೆ ಪಟ್ಟಿ ನೋಡಿ. ಆರನೇ ಹಂತದ ನೋಟ್‌ಬುಕ್ ತೆರೆಯಿರಿ. ಸ್ವಂತ ವಾಕ್ಯ ಹೇಳಿದ ಮಗುವಿನ ಹೆಸರಿನ ಮುಂದೆ ಟಿಕ್ ಹಾಕಿ. ಕೆಲವು ಹೆಸರು ಹಾಗೇ ಉಳಿದಿರುತ್ತವೆ. ಅವರಿಗೆ ಎರಡನೇ ತಿಂಗಳ ಮೊದಲ ವಾರ ಮೀಸಲಿಡಿ, ಉಳಿದವರು ಪುಸ್ತಕದ ಮೊದಲ ಪಾಠ ಓದಿಕೊಳ್ಳುತ್ತಿರಲಿ. ಕಾಯಂ ಶಿಕ್ಷಕರಿಗೆ ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿಗೆ ಕರೆ ಬಂದರೆ ನೆಪ ಹೇಳದೆ ಹೋಗಿ. 1963ರಿಂದ ದಕ್ಷಿಣ ಭಾರತದ ಇಂಗ್ಲಿಷ್ ಟೀಚರುಗಳನ್ನು ತಯಾರು ಮಾಡುತ್ತಿರುವ ಜಾಗ ಅದು. ಅತಿಥಿ ಶಿಕ್ಷಕರು ಪ್ರತಿ ತಿಂಗಳು ತಮ್ಮ ಹಾಜರಿ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಗೌರವಧನದ ಬಿಲ್ಲು ತಡವಾದರೆ ಕೇಳಲು ಅದೇ ಆಧಾರ.