ಪೇಟೆಯ ತಕ್ಕಡಿ, ದಿನದ ಸಾಕ್ಷಿ

ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯ, 17ನೇ ವಚನ ತೆರೆಯಿರಿ. ಅಥೇನೆ ಪಟ್ಟಣದಲ್ಲಿ ಪೌಲನು ಸಭಾಮಂದಿರದಲ್ಲಿ ಮಾತ್ರ ಮಾತಾಡಲಿಲ್ಲ, ದಿನಾಲೂ ಪೇಟೆಗೂ ಹೋದ. ಗ್ರೀಕರು ಆ ಜಾಗವನ್ನು ಅಗೋರ ಅಂತಿದ್ರು. ನಮ್ಮ ಹಟ್ಟಿಯಂಗಡಿಯ ಹೆಸರಲ್ಲೇ ಅಂಗಡಿ ಇದೆ, ಹಾಗಾಗಿ ಈ ಮಾತು ನಮಗೆ ದೂರದ್ದಲ್ಲ.

ಆ ಪೇಟೆ ಬರೀ ಕಥೆಯೂ ಅಲ್ಲ. 1931ರಲ್ಲಿ ಅಮೆರಿಕದ ವಿದ್ವಾಂಸರು ಅಲ್ಲಿ ಉತ್ಖನನ ಶುರುಮಾಡಿದರು. ಮೇಲಿದ್ದ ಸುಮಾರು 400 ಕಟ್ಟಡ ಕೆಡವಬೇಕಾಯಿತು. ಕೆಳಗೆ ಸಿಕ್ಕಿದ್ದೇನು? ಪೇಟೆಯ ಎಲ್ಲೆಕಲ್ಲುಗಳು, ಚಪ್ಪಲಿ ಹೊಲಿಯುವವನ ಮನೆಯ ಕಬ್ಬಿಣದ ಮೊಳೆಗಳು, ನಮ್ಮ ಸೇರಿನ ಹಾಗೆ ಧಾನ್ಯ ಅಳೆಯುವ ಮಣ್ಣಿನ ಪಾತ್ರೆಗಳು. ಜೊತೆಗೆ ಕಂಚಿನ ತೂಕದ ಬಟ್ಟುಗಳು, ಪೌಲನ ಕಾಲಕ್ಕಿಂತ 500 ವರ್ಷ ಹಳೆಯವು. ಸರ್ಕಾರದ್ದು ಅಂತ ಅವುಗಳ ಮೇಲೇ ಕೆತ್ತಿದ್ದಾರೆ. ಅಳತೆ-ತೂಕ ನೋಡಲಿಕ್ಕೇ ಅಲ್ಲಿ ಅಧಿಕಾರಿಗಳಿದ್ದರು.

ಯಾಕೆ ಬೇಕಿತ್ತು? ಮಾರುವವನ ಬಾಯಿಮಾತು ಸಾಕಾಗುತ್ತಿರಲಿಲ್ಲ. ಇವತ್ತೂ ನಮ್ಮ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಆದರೆ ಮುದ್ರೆ ಬಟ್ಟಿಗೆ ಬೀಳುತ್ತೆ, ಕೈಗೆ ಬೀಳೋದಿಲ್ಲ. ಬುಟ್ಟಿಯಲ್ಲಿ ಮೇಲೆ ತಾಜಾ ಮೀನು, ಅಡಿಯಲ್ಲಿ ನಿನ್ನೇದು ಇಟ್ಟರೆ ಯಾವ ಮುದ್ರೆ ಹಿಡಿಯುತ್ತೆ? ಜ್ಞಾನೋಕ್ತಿ 11:1 ಓದಿ ನೋಡಿ, ದೇವರು ತಕ್ಕಡಿಯನ್ನೂ ನೋಡುತ್ತಾನೆ.

ನಾನು ಹೇಳೋದು ಇಷ್ಟೇ. ಭಾನುವಾರ ನಾವು ಹಾಡೋದನ್ನು ಊರವರು ಕೇಳೋದಿಲ್ಲ, ಸೋಮವಾರ ನಾವು ತೂಗೋದನ್ನು ನೋಡ್ತಾರೆ. ತೂಕದಲ್ಲಿ 50 ಗ್ರಾಂ ಕದ್ದವನು ಅದೇ ಪೇಟೆಯಲ್ಲಿ ಯೇಸುವಿನ ಹೆಸರು ಹೇಳಿದರೆ ಯಾರು ನಿಂತು ಕೇಳ್ತಾರೆ? ಈ ವಾರ ಅಂಗಡಿ ಬಾಗಿಲು ತೆಗೆಯುವಾಗ ಒಂದು ಪ್ರಾರ್ಥನೆ ಮಾಡಿ: ಕರ್ತನೇ, ನನ್ನ ಕೈಯನ್ನೂ ತೂಗಿ ನೋಡು. ಆಮೆನ್.